ಮಕ್ಕಳ ಜೊತೆ ಖಾರ ಬಿಸ್ಕತ್ತು: ಮಾಡಿದವರು ಹೇಳಿದ್ದು

ಕೇಳಿದ್ದು: ಮಗಳಿಗೆ 5 ವರ್ಷ, ಮಗನಿಗೆ 3. ರಜೆ ಶುರುವಾಗಿದೆ, ಇಬ್ಬರೂ ಅಡುಗೆಮನೆ ಬಿಟ್ಟು ಕದಲುವುದಿಲ್ಲ. ಮನೆಯಲ್ಲಿ ಚಿಕ್ಕ ಓಟಿಜಿ (ಕರೆಂಟಿನ ಓವನ್) ಇದೆ. ಕೇಕು, ಸಿಹಿ ಬಿಸ್ಕತ್ತು ಬೇಡ. ಅವರ ಜೊತೆ ಸೇರಿ ಖಾರದ್ದು ಏನು ಬೇಕ್ ಮಾಡಬಹುದು?

ಬೆಂಗಳೂರಿನಿಂದ ಒಬ್ಬರು: ಖಾರ ಬಿಸ್ಕತ್ತು ಮಾಡಿ. ಅಯ್ಯಂಗಾರ್ ಬೇಕರಿಯಲ್ಲಿ ಸಿಗುತ್ತಲ್ಲ, ಕರಿಬೇವು, ಕೊತ್ತಂಬರಿ ಹಾಕಿದ್ದು, ಅದೇ. ಮೊಟ್ಟೆ ಬೇಡ, ಯೀಸ್ಟ್ ಬೇಡ, ಹಿಟ್ಟು ಉಬ್ಬಲಿ ಅಂತ ಕಾಯುವುದೂ ಬೇಡ.

ಒಂದು ಕಪ್ ಮೈದಾಗೆ 60 ಗ್ರಾಂ ಬೆಣ್ಣೆ, ಒಂದು ಚಮಚ ಸಕ್ಕರೆ, ಕಾಲು ಚಮಚ ಬೇಕಿಂಗ್ ಪೌಡರ್, ಕಲಸಲು ಎರಡು ಮೂರು ದೊಡ್ಡ ಚಮಚ ಗಟ್ಟಿ ಮೊಸರು. ಅಂಗಡಿಯ ಅಮುಲ್ ಬೆಣ್ಣೆಯಲ್ಲಿ ಉಪ್ಪು ಇರುತ್ತದೆ, ಹಾಗಾಗಿ ಮೇಲೆ ಚಿಟಿಕೆ ಸಾಕು.

ಹಸಿಮೆಣಸಿನಕಾಯಿ ವಿಷಯದಲ್ಲಿ ಮಾತ್ರ ಹುಷಾರು. ಮೊದಲ ಸಲ ನಾನು ಹೆಚ್ಚಿ ಹಿಟ್ಟಿಗೇ ಹಾಕಿದ್ದೆ. ಮಗಳು ಕಲಸಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡಳು. ಅವತ್ತು ಅವಳು ಅತ್ತಿದ್ದು ಇನ್ನೂ ಮರೆತಿಲ್ಲ. ಆ ಖಾರ ಬರೀ ನೀರಿಗೆ ಬಿಡುವುದಿಲ್ಲ. ಕೈಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಈಗ ಮಕ್ಕಳ ಹಿಟ್ಟಿಗೆ ಜೀರಿಗೆ, ಓಂಕಾಳು ಅಷ್ಟೇ. ದೊಡ್ಡವರ ಪಾಲು ಬೇರೆ ತೆಗೆದು ಕೊನೆಗೆ ನಾನೇ ಮೆಣಸಿನಕಾಯಿ ಸೇರಿಸುತ್ತೇನೆ.

ಮಗನಿಗೆ ಕರಿಬೇವು ಚೂರು ಮಾಡುವ ಕೆಲಸ ಕೊಡಿ. 3 ವರ್ಷದ ಮಕ್ಕಳು ಅದನ್ನು ಬಹಳ ಹೊತ್ತು ಮಾಡುತ್ತಾರೆ. ಮಗಳು ಬೆಣ್ಣೆಯನ್ನು ಹಿಟ್ಟಿನ ಜೊತೆ ಬೆರಳ ತುದಿಯಲ್ಲಿ ಉಜ್ಜಲಿ, ರವೆ ತರಹ ಆಗುವವರೆಗೆ. ಕೈ ಬಿಸಿಗೆ ಬೆಣ್ಣೆ ಕರಗಿ ಹಿಟ್ಟು ಅಂಟಂಟಾಗುತ್ತದೆ. ಹೆದರಬೇಡಿ, ಕಲಸಿದ ಮೇಲೆ ಉಂಡೆ ಮಾಡಿ 20 ನಿಮಿಷ ಫ್ರಿಜ್‌ನಲ್ಲಿಡಿ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿ, ಬಾಟಲಿ ಮುಚ್ಚಳದಲ್ಲಿ ಕತ್ತರಿಸಿ. ಫೋರ್ಕಿನಲ್ಲಿ ಚುಚ್ಚುವುದು ಪೂರ್ತಿ ಮಕ್ಕಳಿಗೇ ಬಿಡಿ. ಆ ತೂತಿನಿಂದ ಹಬೆ ಹೊರಗೆ ಹೋಗುತ್ತದೆ, ಬಿಸ್ಕತ್ತು ಪೂರಿ ತರಹ ಉಬ್ಬುವುದಿಲ್ಲ.

ಎಲ್ಲಾ ಒಂದೇ ದಪ್ಪ ಬರಲ್ಲ. ತೆಳ್ಳಗಿನವನ್ನು ಒಂದು ಸಲ, ದಪ್ಪಗಿನವನ್ನು ಇನ್ನೊಂದು ಸಲ ಬೇಯಿಸಿ, ಇಲ್ಲದಿದ್ದರೆ ಅರ್ಧ ಸೀದು ಅರ್ಧ ಹಸಿ. ಮೊದಲೇ ಕಾಯಿಸಿದ ಓಟಿಜಿಯಲ್ಲಿ 170 ಡಿಗ್ರಿ, 15ರಿಂದ 20 ನಿಮಿಷ. ಓಟಿಜಿಯ ಗಾಜು, ಮೇಲ್ಭಾಗ ಎಲ್ಲವೂ ಸುಡುತ್ತವೆ. ನಮ್ಮ ಮನೆಯಲ್ಲಿ ನೆಲಕ್ಕೆ ಟೇಪು ಅಂಟಿಸಿದ್ದೇವೆ, ಗೆರೆ ದಾಟುವ ಹಾಗಿಲ್ಲ. ಹಸಿ ಹಿಟ್ಟು ಬಾಯಿಗೆ ಹಾಕಿಕೊಳ್ಳಲೂ ಬಿಡಬೇಡಿ, ಹೊಟ್ಟೆ ಕೆಡಬಹುದು.

ಹಾಸನದಿಂದ: ನಮ್ಮಲ್ಲಿ ಓವನ್ ಇಲ್ಲ. ದಪ್ಪ ತಳದ ಬಾಣಲೆಯಲ್ಲಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸುತ್ತೇವೆ. ಆಮೇಲೆ ಸಣ್ಣ ಉರಿ. ಮಕ್ಕಳ ಕೆಲಸ ತಟ್ಟೆಗೆ ಜೋಡಿಸುವವರೆಗೆ ಮಾತ್ರ.

ಅಮೆರಿಕದಿಂದ: ಇಲ್ಲಿನ ಓವನ್‌ಗಳಲ್ಲಿ ಫ್ಯಾರನ್‌ಹೀಟ್ ಇರುತ್ತದೆ. 340 ಇಟ್ಟರೆ ಸರಿ.

ಮಂಡ್ಯದಿಂದ: ರಾಗಿ ಹಿಟ್ಟಲ್ಲೂ ಮಾಡಬಹುದು. ಬರೀ ರಾಗಿ ಹಾಕಿದರೆ ಲಟ್ಟಿಸುವಾಗಲೇ ಪುಡಿಯಾಗುತ್ತದೆ, ಮಕ್ಕಳಿಗೆ ಬೇಜಾರು. ಅರ್ಧ ರಾಗಿ, ಅರ್ಧ ಗೋಧಿ ಹಾಕಿ. ಮೊಸರು ಒಂದು ಚಮಚ ಜಾಸ್ತಿ ಬೇಕು.

ಕೇಳಿದವರು ಮತ್ತೆ: ಇವತ್ತು ಮಾಡಿದೆವು! ಮಗ ಕರಿಬೇವಿನ ಕಡ್ಡಿಯನ್ನೂ ಹಾಕಿದ್ದ, ಆರಿಸಿ ತೆಗೆದೆ. ಆದರೆ 18 ನಿಮಿಷ ಆದಮೇಲೂ ಮುಟ್ಟಿದರೆ ಮೆತ್ತಗಿದೆ. ಮತ್ತೆ ಒಳಗಿಡಲಾ?

ಬೆಂಗಳೂರಿನವರು: ಅಂಚು ಕೆಂಪಗಾಗಿದೆ ಅಲ್ವಾ? ಹಾಗಾದರೆ ಬೇಡ. ಆರಿದ ಮೇಲೆ ಗರಿಗರಿ ಆಗುತ್ತದೆ. ಪೂರ್ತಿ ಆರುವವರೆಗೆ ಡಬ್ಬಿ ಮುಚ್ಚಬೇಡಿ. ಮಕ್ಕಳು ಕಾಯುವುದಿಲ್ಲ ಅಂದರೆ ಒಂದೊಂದನ್ನು ತಟ್ಟೆಯಲ್ಲಿ ಬೇರೆ ಇಟ್ಟು ಫ್ಯಾನ್ ಕೆಳಗಿಡಿ, ಬೇಗ ಆರುತ್ತದೆ.