ಘಾಟಿಯಲ್ಲಿ ಗಾಜು ಮಬ್ಬಾದರೆ ಎಸಿ ಹಾಕಬೇಕೋ, ಹೀಟರ್ ಹಾಕಬೇಕೋ?

ಮೇಡಂ, ದಾವಣಗೆರೆಯಿಂದ ತೀರ್ಥಹಳ್ಳಿಗೆ ವರ್ಗವಾಗಿ ಬಂದಿದ್ದೀರಿ. ಹದಿನೈದು ದಿನಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಬೇಕು. ಮಳೆಯಲ್ಲಿ ಮುಂದಿನ ಗಾಜು ಮಬ್ಬಾಗಿ ರಸ್ತೆಯೇ ಕಾಣುವುದಿಲ್ಲ. ಎಸಿ ಹಾಕಿ ಎಂದು ಒಬ್ಬರು, ಹೀಟರ್ ಹಾಕಿ ಎಂದು ಇನ್ನೊಬ್ಬರು, ಎರಡೂ ಬೇಡ ಕಿಟಕಿ ಇಳಿಸಿ ಎಂದು ಮತ್ತೊಬ್ಬರು ಹೇಳುತ್ತಾರೆ, ಯಾರ ಮಾತು ಕೇಳಲಿ ಎಂದಿದ್ದೀರಿ.

ಮೂವರೂ ತಮ್ಮ ತಮ್ಮ ಅನುಭವವನ್ನೇ ಹೇಳಿದ್ದಾರೆ. ಆದರೆ ಘಾಟಿಯ ಮೇಲೆ ಗಾಜಿಗೆ ಆಗುವುದು ಒಂದು, ಕೆಳಗೆ ಆಗುವುದು ಇನ್ನೊಂದು. ಅದಕ್ಕೇ ಯಾವ ಗುಂಡಿ ಮುಟ್ಟುವ ಮೊದಲೂ ಗಾಜಿನ ಒಳಮೈ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಮೂಡಿದರೆ ಆವಿ ಒಳಗೆ ಕೂತಿದೆ. ಬೆರಳು ಒಣಗಿದ್ದು, ಗಾಜು ಹಾಗೆಯೇ ಮಬ್ಬಾಗಿದ್ದರೆ ಅದು ಹೊರಗಡೆ ಕೂತಿದೆ. ಒಳಗಿನದಕ್ಕೆ ಮಾಡುವುದನ್ನು ಹೊರಗಿನದಕ್ಕೆ ಮಾಡಿದರೆ ಮಬ್ಬು ಇನ್ನೂ ಜಾಸ್ತಿಯಾಗಬಹುದು. ಇದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ಮಳೆಗಾಲ ಕಳೆದಿತ್ತು.

ನಮ್ಮದು ತೀರ್ಥಹಳ್ಳಿ ಪಕ್ಕದ ಹಳ್ಳಿ, ಅಡಿಕೆ ತೋಟ. ಅಮ್ಮನನ್ನು ತೋರಿಸಲು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗುತ್ತೇನೆ. ಮೊದಲ ವರ್ಷದ ಜುಲೈನಲ್ಲಿ ವಾಪಸ್ ಬರುವಾಗ ಘಾಟಿಯ ಬುಡದ ಸೋಮೇಶ್ವರ ದಾಟುವ ಹೊತ್ತಿಗೆ ಕತ್ತಲಾಗಿತ್ತು. ಆಸ್ಪತ್ರೆಯಿಂದ ಕಾರಿನವರೆಗೆ ನಡೆದು ಇಬ್ಬರೂ ನೆನೆದಿದ್ದೆವು. ಅಮ್ಮ ಒದ್ದೆ ಶಾಲು ಹೊದ್ದು ಹಿಂದೆ ಕೂತಿದ್ದರು. ಚಳಿ ಎಂದರು, ಎಸಿ ಆರಿಸಿದೆ. ಹೊರಗಿನ ಥಂಡಿ ಬರದಿರಲಿ ಎಂದು ಗಾಳಿ ಒಳಗೇ ಸುತ್ತುವ ಗುಂಡಿಯನ್ನೂ ಒತ್ತಿದೆ. ನಾಲ್ಕೈದು ತಿರುವು ಹತ್ತುವಷ್ಟರಲ್ಲಿ ಗಾಜು ಬೆಳ್ಳಗಾಯಿತು. ಟವೆಲ್‌ನಿಂದ ಒರೆಸಿದೆ. ಒರೆಸಿದ ಕಡೆ ನೀರಿನ ಗೆರೆಗಳು ಉಳಿದವು. ಎದುರಿಗೆ ಬಂದ ಮಿನಿ ಬಸ್ಸಿನ ಬೆಳಕು ಆ ಗೆರೆಗಳ ಮೇಲೆ ಬಿದ್ದು ಚೆಲ್ಲಾಡಿತು. ರಸ್ತೆ ಯಾವುದು, ತಡೆಗೋಡೆ ಯಾವುದು ಒಂದೂ ತಿಳಿಯಲಿಲ್ಲ. ಆ ಎರಡು ಕ್ಷಣ ಇವತ್ತಿಗೂ ಮರೆತಿಲ್ಲ.

ಸ್ವಲ್ಪ ಅಗಲ ಇದ್ದ ಕಡೆ ನಿಲ್ಲಿಸಿದೆ. ಹಿಂದೆ ಬರುತ್ತಿದ್ದ ಗೂಡ್ಸ್ ಆಟೋದವರೂ ನಿಲ್ಲಿಸಿದರು. ಹೆಬ್ರಿ ಕಡೆಯವರು. ಕಿಟಕಿಯಿಂದ ಕೈ ಚಾಚಿ ಒಂದೊಂದೇ ಮಾಡಿದರು. ಒಳಗೆ ಸುತ್ತುವ ಗಾಳಿ ತೆಗೆದು ಹೊರಗಿನ ಗಾಳಿಗೆ ಹಾಕಿದರು. ಗಾಳಿ ಎತ್ತ ಬೀಸಬೇಕೆಂದು ತೋರಿಸುವ ಬಾಣವನ್ನು ಗಾಜಿನ ಕಡೆ ತಿರುಗಿಸಿದರು. ಎಸಿ ಒತ್ತಿದರು. ಬಿಸಿಯ ಗುಂಡಿಯನ್ನು ಕೆಂಪಿನ ಕಡೆಗೆ ತಿರುಗಿಸಿದರು. ಎಸಿ ಹಾಕಿ ಮತ್ತೆ ಬಿಸಿ ಯಾಕೆ ಎಂದು ಕೇಳಿದೆ. “ಎಸಿ ಅಂದ್ರೆ ತಣ್ಣಗೆ ಮಾಡೋದು ಮಾತ್ರ ಅಲ್ಲ ಮಾರಾಯ್ರೆ, ಗಾಳಿಯ ನೀರು ಹಿಂಡೋದೂ ಅದೇ” ಎಂದರು.

ಆಮೇಲೆ ನಾವು ನೋಡುತ್ತಾ ಕೂತೆವು. ಗಾಜಿನ ಬುಡದಲ್ಲಿ, ಗಾಳಿ ಬರುವ ಕಂಡಿಗಳ ಮೇಲೆ, ಎರಡು ಅರ್ಧಚಂದ್ರದ ಹಾಗೆ ಸ್ವಚ್ಛವಾಯಿತು. ಮೊದಲು ಅಂಗೈ ಅಗಲ. ಎರಡೂ ನಿಧಾನಕ್ಕೆ ಮೇಲೇರಿ ಮಧ್ಯದಲ್ಲಿ ಕೂಡಿಕೊಂಡವು. ಮೇಲಿನ ಮೂಲೆಗಳು ಕೊನೆಗೆ ಹೋದವು. ಎಲ್ಲ ಸೇರಿ ಮೂರು ನಾಲ್ಕು ನಿಮಿಷ ಹಿಡಿದಿರಬಹುದು.

ಆ ಮಾತು ಪೂರ್ತಿ ಅರ್ಥವಾಗಿದ್ದು ಆಮೇಲೆ. ಕಡುಬು ಬೇಯಿಸುವಾಗ ಮುಚ್ಚಳದ ಒಳಗೆ ನೀರು ಕಟ್ಟುತ್ತದೆ ಅಲ್ವಾ, ಕಾರಿನಲ್ಲೂ ಅದೇ ಆಗುವುದು. ನಮ್ಮ ಉಸಿರು, ಒದ್ದೆ ಬಟ್ಟೆ, ಕೊಡೆ, ಕಾಲಡಿಯ ಮ್ಯಾಟ್, ಎಲ್ಲದರಿಂದ ಆವಿ ಏಳುತ್ತದೆ. ಮಳೆ ಬಡಿಯುವ ಗಾಜು ತಣ್ಣಗಿರುತ್ತದೆ. ಆವಿ ಅಲ್ಲಿ ಹೋಗಿ ಕೂರುತ್ತದೆ. ಎಸಿಯ ಒಳಗೆ ಒಂದು ತಣ್ಣನೆಯ ಕಾಯಿಲ್ ಇದೆ. ಗಾಳಿ ಅದನ್ನು ದಾಟುವಾಗ ಅದರಲ್ಲಿನ ತೇವ ನೀರಾಗಿ ಇಳಿದು ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಹಾಗೆ ಒಣಗಿದ ಗಾಳಿಯನ್ನು ಹೀಟರ್ ಬಿಸಿ ಮಾಡುತ್ತದೆ. ಒಣ ಗಾಳಿ ಬಿಸಿಯೂ ಆಗಿದ್ದರೆ ಗಾಜಿನ ಮೇಲಿನ ತೇವವನ್ನು ಬೇಗ ಹೀರುತ್ತದೆ. ಬರೀ ಹೀಟರ್ ಹಾಕಿದರೂ ಕೆಲಸ ಆಗುತ್ತದೆ, ಆದರೆ ತಡ. ಬರೀ ತಣ್ಣನೆ ಎಸಿ ಹಾಕಿದರೂ ಮಬ್ಬು ಹೋಗುತ್ತದೆ, ಆದರೆ ಒಳಗಿದ್ದವರು ನಡುಗಬೇಕು.

“ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಹೊರಗಿನ ಗಾಳಿಯೇ ಒದ್ದೆ, ಅದನ್ನು ಒಳಗೆ ಬಿಟ್ಟುಕೊಂಡರೆ ಏನು ಬಂತು” ಎಂದು ನನ್ನ ಭಾವ ಕೇಳಿದ್ದರು. ಹೊರಗಿನ ಗಾಳಿ ಒದ್ದೆ ನಿಜ, ಆದರೆ ಅದು ತಣ್ಣಗಿದೆ. ತಣ್ಣನೆಯ ಗಾಳಿ ಬಿಸಿಯಾದರೆ ಇನ್ನಷ್ಟು ತೇವ ಹಿಡಿಯುವ ಶಕ್ತಿ ಅದಕ್ಕೆ ಬರುತ್ತದೆ. ನಾಲ್ಕು ಜನ ಬಿಟ್ಟ ಉಸಿರನ್ನೇ ತಿರುಗಿ ತಿರುಗಿ ಸುತ್ತಿಸುವುದಕ್ಕಿಂತ ಅದು ಎಷ್ಟೋ ಮೇಲು. ಕಾರಿನ ಚಿತ್ರದೊಳಗೆ ಬಾಣ ಸುತ್ತು ತಿರುಗಿದ ಗುರುತು ಇದ್ದರೆ ಅದು ಒಳಗಿನ ಗಾಳಿ. ಬಾಣ ಹೊರಗಿನಿಂದ ಬಂದು ಒಳನುಗ್ಗಿದ ಗುರುತು ಹೊರಗಿನ ಗಾಳಿ. ಮಳೆಗಾಲ ಪೂರ್ತಿ ನನ್ನದು ಎರಡನೆಯದರಲ್ಲೇ ಇರುತ್ತದೆ. ಲಾರಿಯ ಹೊಗೆ ಸಿಕ್ಕಿದಾಗ ಮಾತ್ರ ಒಂದು ನಿಮಿಷ ಬದಲಾಯಿಸುತ್ತೇನೆ.

ಇನ್ನೊಂದು ಎಚ್ಚರ. ಮಬ್ಬು ಹೋಯಿತಲ್ಲ ಎಂದು ತಕ್ಷಣ ಎಸಿ ಆರಿಸಬೇಡಿ. ಕಾಯಿಲ್ ಮೇಲೆ ನೀರು ಇನ್ನೂ ಹಾಗೇ ಇರುತ್ತದೆ. ಬೀಸುವ ಗಾಳಿ ಆ ನೀರನ್ನೇ ಎತ್ತಿಕೊಂಡು ಬಂದು ಗಾಜಿಗೆ ಹೊಡೆಯುತ್ತದೆ. ಒಂದೆರಡು ನಿಮಿಷದಲ್ಲಿ ಮೊದಲಿಗಿಂತ ದಪ್ಪ ಮಬ್ಬು. ಇದು ಒಂದು ತಿರುವಿನ ಮಧ್ಯದಲ್ಲಿ ಆದರೆ ಕಷ್ಟ. ಘಾಟಿ ಮುಗಿಯುವವರೆಗೆ ಎಸಿ ಇರಲಿ, ಚಳಿ ಎನಿಸಿದರೆ ಬಿಸಿಯ ಗುಂಡಿ ತಿರುಗಿಸಿ.

ಈಗ ಕೆಳಗಿನ ಕಥೆ. ಆಗುಂಬೆಯಿಂದ 14 ತಿರುವು ಇಳಿದು ಸೋಮೇಶ್ವರಕ್ಕೆ ಬಂದರೆ ಹವೆಯೇ ಬೇರೆ. ಐನೂರು ಮೀಟರಿಗಿಂತ ಜಾಸ್ತಿ ಕೆಳಗೆ ಬಂದಿರುತ್ತೇವೆ. ಸೆಕೆ, ಮೈಗೆ ಅಂಟುವ ಗಾಳಿ. ಮೇಲೆ ಹಾಕಿದ್ದ ಬಾಣ ಗಾಜಿನ ಕಡೆಗೇ ಇರುತ್ತದೆ. ಸೆಕೆ ಎಂದು ನಾವು ಬಿಸಿಯನ್ನು ಪೂರ್ತಿ ನೀಲಿಗೆ ತಿರುಗಿಸುತ್ತೇವೆ. ಗಾಜು ತಣ್ಣೀರಿನ ಚೊಂಬಿನ ಹಾಗೆ ಆಗಿ ಹೊರಗಡೆಯಿಂದ ಬೆವರುತ್ತದೆ. ಒಳಗೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಗಾಬರಿಯಲ್ಲಿ ಎಸಿ ಇನ್ನೂ ಜೋರು ಮಾಡಿದರೆ ಇನ್ನೂ ಬೆವರುತ್ತದೆ. ನಾನು ಹೆಬ್ರಿ ತನಕ ಹಾಗೆಯೇ ಒದ್ದಾಡಿದ್ದೇನೆ. ಇದಕ್ಕೆ ಮಾಡಬೇಕಾದ್ದು ಇಷ್ಟೇ: ಒಂದು ಸಲ ವೈಪರ್ ಹಾಕಿ. ಬಾಣವನ್ನು ಗಾಜಿನಿಂದ ತೆಗೆದು ಮುಖಕ್ಕೋ ಕಾಲಿಗೋ ತಿರುಗಿಸಿ. ತಣ್ಣಗಿರುವುದನ್ನು ಎರಡು ಮೂರು ಡಿಗ್ರಿ ಏರಿಸಿ. ಪಕ್ಕದ ಕನ್ನಡಿ ಕಾಣುವ ಕಿಟಕಿಗೂ ಇದೇ ತೊಂದರೆ ಬರುತ್ತದೆ. ಬದಿಯ ಕಂಡಿಯನ್ನು ಸ್ವಲ್ಪ ಒಳಗೆ ತಿರುಗಿಸಿಕೊಳ್ಳಿ.

ಗುರುತುಗಳ ಬಗ್ಗೆಯೂ ಕೇಳಿದ್ದಿರಿ. ಬೀಸಣಿಗೆಯ ಹಾಗೆ ಮೇಲೆ ಅಗಲವಾಗಿ ಬಾಗಿದ ಚೌಕಟ್ಟು, ಅದರಲ್ಲಿ ಮೂರು ಅಂಕುಡೊಂಕು ಬಾಣ ಇದ್ದರೆ ಮುಂದಿನ ಗಾಜು. ನೆಟ್ಟಗಿನ ಆಯತದಲ್ಲಿ ಅದೇ ಬಾಣಗಳಿದ್ದರೆ ಹಿಂದಿನದು. ಎಷ್ಟೋ ಕಾರುಗಳಲ್ಲಿ ಮುಂದಿನದನ್ನು ಒತ್ತಿದರೆ ಎಸಿಯೂ ಹೊರಗಿನ ಗಾಳಿಯೂ ತಾವಾಗಿಯೇ ಶುರುವಾಗುತ್ತವೆ. ಕೆಲವು ಕಾರುಗಳಲ್ಲಿ ಎಲ್ಲವನ್ನೂ ನಾವೇ ಹಾಕಬೇಕು. ನಿಮ್ಮ ಕಾರು ಯಾವ ಥರದ್ದು ಎಂದು ಮನೆ ಅಂಗಳದಲ್ಲೇ ನೋಡಿಕೊಳ್ಳಿ. ಕತ್ತಲಲ್ಲಿ ಕಣ್ಣು ರಸ್ತೆಯಿಂದ ತೆಗೆಯದೆ ಕೈಗೆ ಸಿಗುವಷ್ಟು ಅಭ್ಯಾಸ ಆಗಬೇಕು. ಹಿಂದಿನ ಗಾಜಿನ ಗೆರೆಗಳು ಕರೆಂಟಿನಿಂದ ಬಿಸಿಯಾಗುವ ತಂತಿ. ಅಲ್ಲಿ ಸ್ಟಿಕ್ಕರ್ ಅಂಟಿಸಬೇಡಿ, ಬ್ಲೇಡಿನಿಂದ ಕೆರೆಯಬೇಡಿ. ಒರೆಸುವಾಗ ಗೆರೆಯ ಉದ್ದಕ್ಕೇ ಒರೆಸಿ.

ಹೀಟರ್ ಹಾಕಿದ ತಕ್ಷಣ ಬಿಸಿ ಗಾಳಿ ಬರಲಿಲ್ಲ ಎಂದು ಚಿಂತೆ ಮಾಡಬೇಡಿ. ಅದಕ್ಕೆ ಬಿಸಿ ಬರುವುದು ಇಂಜಿನ್ ತಣಿಸಲು ಅದರ ಸುತ್ತ ಹರಿಯುವ ದ್ರವದಿಂದ, ಅಂದರೆ ಕೂಲಂಟ್‌ನಿಂದ. ಇಂಜಿನ್ ಬಿಸಿಯಾಗಲು ನಾಲ್ಕೈದು ನಿಮಿಷ ಬೇಕು. ಇಂಜಿನ್ನಿನದೇ ಬಿಸಿ ಆದ್ದರಿಂದ ಹೀಟರಿಗೆ ಅಂತ ಪೆಟ್ರೋಲ್ ಹೆಚ್ಚಿಗೆ ಸುಡುವುದಿಲ್ಲ. ಎಸಿ ಹಾಕಿದರೆ ಸ್ವಲ್ಪ ಹೆಚ್ಚು ಸುಡುತ್ತದೆ, ನಿಜ. ಆದರೆ ಘಾಟಿಯ ಆ ಅರ್ಧ ಗಂಟೆಗೆ ಮೈಲೇಜ್ ಲೆಕ್ಕ ಹಾಕಬೇಡಿ, ದಯವಿಟ್ಟು.

ಸಾಗರದಲ್ಲಿ ಬಾಡಿಗೆ ಕಾರು ಓಡಿಸುವ ನನ್ನ ಗೆಳೆಯ ಜೋಗಕ್ಕೆ ಬರುವವರನ್ನು ಕೂರಿಸಿಕೊಂಡು ಹೋಗುವವನು. ಜಲಪಾತದ ಹನಿಗೆ ನೆನೆದು ಐದಾರು ಜನ ಒಟ್ಟಿಗೆ ಕಾರು ಹತ್ತಿದರೆ ಹೊರಡುವ ಮೊದಲೇ ಗಾಜು ಮುಚ್ಚುತ್ತದಂತೆ. ಕೊಡೆ, ರೈನ್‌ಕೋಟ್ ಎಲ್ಲ ಡಿಕ್ಕಿಗೆ ಹಾಕಿಸುತ್ತಾನೆ. ಹತ್ತಿಸುವ ಮೊದಲೇ ಇಂಜಿನ್ ಶುರು ಮಾಡಿ ಗಾಳಿಯನ್ನು ಗಾಜಿಗೆ ಬಿಟ್ಟಿರುತ್ತಾನೆ. ನಾನು ಒಮ್ಮೆ ಮದುವೆ ಮನೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ಬುಟ್ಟಿ ಸಾಗಿಸಿದ್ದೆ. ಒಬ್ಬನೇ ಇದ್ದರೂ ದಾರಿಯುದ್ದಕ್ಕೂ ಮಬ್ಬು. ತೇವ ಯಾವುದರಿಂದ ಏಳುತ್ತಿದೆ ಎಂದು ನೋಡಿ ಅದನ್ನು ಹಿಂದೆ ಹಾಕಿದರೆ ಅರ್ಧ ಕೆಲಸ ಮುಗಿಯಿತು.

ನಮ್ಮ ಪಕ್ಕದ ಮನೆಯವರ ಹಳೆ ಓಮ್ನಿಯಲ್ಲಿ ಎಸಿ ಇಲ್ಲ. ಅವರು ಎರಡೂ ಬದಿಯ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿರುತ್ತಾರೆ. ವಾರಕ್ಕೊಮ್ಮೆ ಗಾಜಿನ ಒಳಮೈಗೆ ಶೇವಿಂಗ್ ಕ್ರೀಮಿನ ನೊರೆ ತೆಳುವಾಗಿ ಹಚ್ಚಿ, ಒಣ ಬಟ್ಟೆಯಿಂದ ಚೆನ್ನಾಗಿ ಉಜ್ಜಿ ತೆಗೆಯುತ್ತಾರೆ. ಸೋಪಿನ ಆ ತೆಳು ಪದರದಿಂದ ನೀರು ಸಣ್ಣ ಹನಿಯಾಗದೆ ಹರಡಿಕೊಳ್ಳುತ್ತದೆ, ಅದಕ್ಕೇ ಗಾಜು ಪಾರದರ್ಶಕವಾಗಿ ಉಳಿಯುತ್ತದೆ. ಕೆಲವು ದಿನಕ್ಕೆ ಅದರ ಪ್ರಭಾವ ಹೋಗುತ್ತದೆ, ಆದರೂ ಎಸಿ ಇಲ್ಲದವರಿಗೆ ಒಳ್ಳೆಯದೇ. ಇದಕ್ಕೂ ಮೊದಲು ಗಾಜಿನ ಒಳಗಿನ ಜಿಡ್ಡು ತೆಗೆಯಿರಿ. ಜಿಡ್ಡಿರುವ ಗಾಜಿಗೆ ಆವಿ ಬೇಗ ಹಿಡಿಯುತ್ತದೆ.

ನಮ್ಮ ಕಡೆಯದೇ ಒಂದು ತೊಂದರೆ ಇದೆ, ದಾವಣಗೆರೆಯಲ್ಲಿ ನೀವು ಅಷ್ಟಾಗಿ ನೋಡಿರಲಿಕ್ಕಿಲ್ಲ. ಹೋದ ವರ್ಷ ಫ್ಯಾನ್ ಪೂರ್ತಿ ಹಾಕಿದರೂ ಗಾಳಿ ಬರುತ್ತಿರಲಿಲ್ಲ, ಸದ್ದು ಮಾತ್ರ. ಡ್ಯಾಶ್‌ಬೋರ್ಡಿನ ಡಬ್ಬಿ ಬಿಚ್ಚಿ ಅದರ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದೆ. ಇಲಿ ಗೂಡು ಕಟ್ಟಿತ್ತು. ಅಡಿಕೆ ಸಿಪ್ಪೆಯ ನಾರು, ಹತ್ತಿ, ಹರಿದ ಕಾಗದ, ಮಧ್ಯದಲ್ಲಿ ಮೂರು ಅಡಿಕೆ. ಫಿಲ್ಟರಿನ ಒಂದು ಮೂಲೆ ಕಡಿದು ತೂತಾಗಿತ್ತು. ಈಗ ಮೇ ಕೊನೆಯಲ್ಲಿ ಒಂದು ಸಲ ಬಿಚ್ಚಿ ನೋಡುವುದು ಕಡ್ಡಾಯ ಮಾಡಿಕೊಂಡಿದ್ದೇನೆ. ವೈಪರ್ ಬುಡದಲ್ಲಿ ಸೇರುವ ಎಲೆ, ಹೂವು, ಕಸ ಕೂಡ ತೆಗೆಯಿರಿ, ಹೊರಗಿನ ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ಹಾಗೆಯೇ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ನಿಂತು, ಮುಂದಿನ ಸೀಟಿನ ಕಾಲಡಿ ಒದ್ದೆಯಾದರೆ ಎಸಿಯ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿದೆ. ಆ ಒದ್ದೆಗೆ ಸಿಹಿ ವಾಸನೆ ಇದ್ದು, ಗಾಜಿನ ಮೇಲೆ ಎಣ್ಣೆಯಂಥ ಪದರ ಕೂರುತ್ತಿದ್ದರೆ ಅದು ಹೀಟರಿನ ಕೂಲಂಟ್ ಸೋರುತ್ತಿರುವುದು. ಅದನ್ನು ಹಾಗೇ ಬಿಡಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

ಎರಡು ಮಾತು ಎಲ್ಲಕ್ಕಿಂತ ಮುಖ್ಯ. ಹುಲಿಕಲ್ ಘಾಟಿಯಲ್ಲೋ ಆಗುಂಬೆಯಲ್ಲೋ ಮರ ಬಿದ್ದು, ಗುಡ್ಡ ಕುಸಿದು ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಆಗ ಕಿಟಕಿ ಮುಚ್ಚಿ, ಇಂಜಿನ್ ಓಡಿಸಿಕೊಂಡು, ಎಸಿ ಅಥವಾ ಹೀಟರ್ ಹಾಕಿ ನಿದ್ದೆ ಮಾಡಬೇಡಿ. ಸೈಲೆನ್ಸರ್‌ನ ಹೊಗೆಯಲ್ಲಿ ಇರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಒಳಗೆ ಸೇರಿದರೆ ಗೊತ್ತಾಗುವುದೇ ಇಲ್ಲ. ಇಂಜಿನ್ ಆರಿಸಿ, ಕಿಟಕಿ ಚೂರು ತೆರೆದು, ಕಂಬಳಿ ಹೊದ್ದುಕೊಳ್ಳಿ. ನಾನು ಕಾರಿನಲ್ಲಿ ಒಂದು ಕಂಬಳಿ ಯಾವಾಗಲೂ ಇಟ್ಟಿರುತ್ತೇನೆ. ಎರಡನೆಯದು, ಹತ್ತುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಏರಿದರೆ ಎಸಿ ಆರಿಸಿ ಹೀಟರ್ ಪೂರ್ತಿ ಹಾಕಿ, ಕಿಟಕಿ ಇಳಿಸಿ. ಇಂಜಿನ್ನಿನ ಬಿಸಿಯನ್ನು ಹೀಟರ್ ಸ್ವಲ್ಪ ಎಳೆದುಕೊಳ್ಳುತ್ತದೆ. ಜಾಗ ಸಿಕ್ಕ ಕಡೆ ನಿಲ್ಲಿಸಿ, ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಗಾಜು ಸ್ವಚ್ಛವಾಗಿದ್ದೂ ರಸ್ತೆ ಕಾಣದಿದ್ದರೆ ಅದು ಘಾಟಿಯ ಮಂಜು. ಅದಕ್ಕೆ ಯಾವ ಗುಂಡಿಯೂ ಇಲ್ಲ. ಡಿಮ್ ಲೈಟ್ ಹಾಕಿ, ನಿಧಾನಕ್ಕೆ ಹೋಗಿ.

ನಿಮ್ಮ ಕಾರು ಯಾವುದು, ಗುಂಡಿಗಳು ತಿರುಗಿಸುವ ಥರದವೋ ಒತ್ತುವ ಥರದವೋ ಎಂದು ಬರೆಯಿರಿ, ನೋಡಿ ಹೇಳುತ್ತೇನೆ. ಎಲೆಕ್ಟ್ರಿಕ್ ಕಾರಿನಲ್ಲಿ ಮಳೆಗಾಲದ ಘಾಟಿ ಹತ್ತಿದವರು ಯಾರಾದರೂ ಇದ್ದರೆ ಅವರ ಅನುಭವವೂ ಬೇಕು. ಅದರಲ್ಲಿ ಬಿಸಿ ಕೊಡಲು ಇಂಜಿನ್ ಇಲ್ಲ, ಹೀಟರಿಗೂ ಬ್ಯಾಟರಿಯೇ ಗತಿ. ಉಡುಪಿಯಿಂದ ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಚಾರ್ಜ್ ಎಷ್ಟು ಉಳಿಯುತ್ತದೆ ಎಂದು ಹೇಳಿದರೆ ನನಗೂ ಉಪಕಾರ, ನಮ್ಮ ತಮ್ಮ ಕೊಳ್ಳಬೇಕೆಂದಿದ್ದಾನೆ.