ಸಹಾಯ ಬೇಕು: ತಂಡದ ಎಲ್ಲರಿಗೂ ಲಿಸ್ಪ್ ತಾನಾಗೇ ಲೋಡ್ ಆಗಬೇಕು

ಎಲ್ಲರಿಗೂ ನಮಸ್ಕಾರ. ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್‌ಗೆ ನಾನೇ ಬರೆದ ಕೆಲವು ಲಿಸ್ಪ್ ರೊಟೀನ್‌ಗಳಿವೆ (ಲಿಸ್ಪ್ ಭಾಷೆಯ ಚಿಕ್ಕ ಪ್ರೋಗ್ರಾಂಗಳು). ಲೇಯರ್ ಸರಿಮಾಡಲು, ಬ್ಲಾಕ್ ಎಣಿಸಲು ದಿನಾ ಬೇಕು. ನನ್ನ ಕಂಪ್ಯೂಟರ್‌ನಲ್ಲಿ ಸ್ಟಾರ್ಟಪ್ ಸೂಟ್‌ಗೆ (ತಾನಾಗೇ ಲೋಡ್ ಆಗಬೇಕಾದ ಫೈಲ್‌ಗಳ ಪಟ್ಟಿ) ಸೇರಿಸಿದ್ದೇನೆ, ತೊಂದರೆಯಿಲ್ಲ. ಆದರೆ ತಂಡದ ಪ್ರತಿಯೊಬ್ಬರ ಹತ್ತಿರ ಕೂತು ಇದನ್ನೇ ಮಾಡೋದು ಸುಮ್ನೆ ಜಾಸ್ತಿ ಕೆಲಸ.

ಅದಕ್ಕೇ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಒಂದು ಆಕ್ಯಾಡ್‌ಡಾಕ್ ಲಿಸ್ಪ್ ಫೈಲ್ (acaddoc.lsp, ಆಟೋಕ್ಯಾಡ್ ತಾನಾಗೇ ಹುಡುಕಿ ಲೋಡ್ ಮಾಡುವ ಫೈಲ್) ಇಟ್ಟು, ಎಲ್ಲರ ಸಪೋರ್ಟ್ ಪಾಥ್‌ಗೂ (ಆಟೋಕ್ಯಾಡ್ ಫೈಲ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಟ್ರಸ್ಟೆಡ್ ಲೊಕೇಶನ್‌ಗೂ (ಅದು ನಂಬುವ ಫೋಲ್ಡರ್‌ಗಳ ಪಟ್ಟಿ) ಆ ಫೋಲ್ಡರ್ ಸೇರಿಸುವ ಯೋಚನೆ. ಇದು ಪ್ರತಿ ಡ್ರಾಯಿಂಗ್ ತೆರೆದಾಗಲೂ ಓಡುತ್ತದೆ, ಅಲ್ವಾ?

ತೊಡಕು ಇಲ್ಲಿದೆ. ಸಪೋರ್ಟ್ ಪಾಥ್‌ನಲ್ಲಿ ಮೊದಲು ಸಿಕ್ಕ ಆಕ್ಯಾಡ್‌ಡಾಕ್ ಮಾತ್ರ ಲೋಡ್ ಆಗುತ್ತದೆ. ಕೆಲವರ ಬಳಿ ಈಗಾಗಲೇ ಅವರದೇ ಫೈಲ್ ಇದೆ. ಅದನ್ನು ಕೆಡಿಸದೆ ಎರಡನ್ನೂ ಓಡಿಸುವುದು ಹೇಗೆ? ನಮ್ಮ ಫೈಲ್‌ನ ಕೊನೆಯಲ್ಲಿ ಅವರದನ್ನು ಬೇರೆ ಹೆಸರಿನಿಂದ ಲೋಡ್ ಮಾಡಿದರೆ ಸಾಕಾ? ನಂಬದ ಫೋಲ್ಡರ್‌ನ ಪ್ರೋಗ್ರಾಂ ಲೋಡ್ ಆಗದಂತೆ ಕಾಯುವ ಸೆಕ್ಯೂರ್‌ಲೋಡ್ ಸೆಟ್ಟಿಂಗ್ ಅನ್ನು 0 ಮಾಡುವ (ಆಫ್ ಮಾಡುವ) ದಾರಿ ಮಾತ್ರ ಬೇಡ, ಅದು ಸುರಕ್ಷಿತವಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.