ಸಹಾಯ ಬೇಕು: ಹಳೇ ಬೈಕ್, ಕಾರ್ಬೊರೇಟರ್ ಓವರ್‌ಫ್ಲೋ ನಿಲ್ಲುತ್ತಿಲ್ಲ

ಅಪ್ಪನ ಹಳೇ 100 ಸಿಸಿ ಬೈಕ್, 2003ರ ಮಾಡೆಲ್. ಪೆಟ್ರೋಲ್ ಕಾಕ್ ಆನ್ ಮಾಡಿದರೆ ಸಾಕು, ಸ್ವಲ್ಪ ಹೊತ್ತಿಗೆ ಓವರ್‌ಫ್ಲೋ ಪೈಪಿನಿಂದ ತೊಟತೊಟ ಅಂತ ಪೆಟ್ರೋಲ್ ಸೋರುತ್ತದೆ. ಆಫ್ ಮಾಡಿದರೆ ನಿಲ್ಲುತ್ತದೆ. ಬೆಳಿಗ್ಗೆ ಪ್ಲಗ್ ಒದ್ದೆ, ಕಿಕ್ ಹೊಡೆದು ಹೊಡೆದು ಕಾಲು ಸೋತ ಮೇಲೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಇನ್ನೊಂದು ಕಿಕ್ ಕೊಟ್ಟರೆ ಕಪ್ಪು ಹೊಗೆ ಉಗುಳಿಕೊಂಡು ಸ್ಟಾರ್ಟ್ ಆಗುತ್ತದೆ.

ಫ್ಲೋಟ್ ಬೌಲ್ (ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಬಿಚ್ಚಿ ನೋಡಿದೆ. ತಳದಲ್ಲಿ ಕೆಂಪಗೆ ತುಕ್ಕಿನ ಪುಡಿ, ಟ್ಯಾಂಕಿನದ್ದೇ ಇರಬೇಕು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಿಗೆಲ್ಲ ಗಾಳಿ ಹೊಡೆಸಿದೆ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಹಳೇ ಫ್ಲೋಟ್ ನೀಡಲ್‌ನ ರಬ್ಬರ್ ಮೂತಿಯ ಸುತ್ತ ಉಂಗುರದ ಹಾಗೆ ಗೀರು ಬಿದ್ದಿತ್ತು, ಹೊಸದು ಹಾಕಿದ್ದೇನೆ. ಆದರೂ ಸೋರುತ್ತಿದೆ! ಆ ನೀಡಲನ್ನು ಮೇಲೆತ್ತುವ, ಪೆಟ್ರೋಲಿನಲ್ಲಿ ತೇಲುವ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವುದಿಲ್ಲ, ಅಂದರೆ ತೂತಿಲ್ಲ ಅಲ್ವಾ? ಬೌಲ್‌ಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಹಾಗಾಗಿ ಬೌಲ್ ಒಳಗಿನ ಹಿತ್ತಾಳೆಯ ಓವರ್‌ಫ್ಲೋ ಪೈಪ್ ಬಿರುಕು ಬಿಟ್ಟಿರಲಿಕ್ಕಿಲ್ಲ. ನನ್ನ ಅನುಮಾನ ನೀಡಲ್ ಕೂರುವ ಸೀಟಿನ ಮೇಲೆ.

ಈಗ ಕೇಳಬೇಕಾದ್ದು. ಆ ಸೀಟ್ ಬಿಚ್ಚಲು ಬರುವುದಿಲ್ಲ, ಇಯರ್‌ಬಡ್‌ಗೆ ಮೆಟಲ್ ಪಾಲಿಶ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದಾ, ಇಲ್ಲ ಇನ್ನೂ ಹಾಳಾಗುತ್ತದಾ? ಫ್ಲೋಟ್ ಪೂರ್ತಿ ಪ್ಲಾಸ್ಟಿಕ್, ಬಗ್ಗಿಸಿ ಹೈಟ್ ಸರಿ ಮಾಡಲು ತಗಡಿನ ನಾಲಿಗೆಯೇ ಇಲ್ಲ. ಟ್ಯಾಂಕ್ ತುಕ್ಕಿಗೆ ಸದ್ಯ ಪೈಪಿನ ಮಧ್ಯೆ ಫಿಲ್ಟರ್ ಹಾಕಿದರೆ ಸಾಕಾ?

ಮೆಕ್ಯಾನಿಕ್ ಹತ್ತಿರ ಹೋದರೆ ಸುಮ್ನೆ ಹೊಸ ಕಾರ್ಬೊರೇಟರ್ ಹಾಕಿಸಿ ಅಂತಾರೆ. ಎಂಜಿನ್ ಆಯಿಲ್ ಕೂಡ ಪೆಟ್ರೋಲ್ ವಾಸನೆ ಹೊಡೆಯುತ್ತಿದೆ, ಆಯಿಲ್ ಬದಲಿಸದೆ ಓಡಿಸುವುದಿಲ್ಲ. ಇದನ್ನು ಮನೆಯಲ್ಲೇ ಸರಿ ಮಾಡಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.